ಅದು ಬೇರೆ ವಿಷಯ

"ಹಾಡಿನ ಮುಂದಿದ್ದ ಪರದೆ ಸರಿದ ಹಾಗಾಯ್ತು ಕಣೋ, ಬಂದು ಕೇಳು" ಅಂತ ಗೆಳೆಯ ಫೋನ್ ಮಾಡಿದ. ಹೆಡ್‌ಫೋನ್‌ಗೆ ಹೊಸ ಕೇಬಲ್ ತರಿಸಿದ್ದ. ಬೆಳ್ಳಿಯದು. ಅವನು ಒಂದು ಸಲ ಕರೆದರೆ ಹೋಗುವ ತನಕ ಬಿಡುವವನಲ್ಲ. ಹೋದೆ.

ಕೇಬಲ್ ನೋಡೋಕೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕು ಎಳೆಗಳನ್ನು ಒತ್ತಾಗಿ ಹೆಣೆದಿದ್ದಾರೆ, ತುದಿಗೆ ದಪ್ಪನೆಯ 4.4 ಮಿಲಿಮೀಟರ್ ಪ್ಲಗ್. ಹಳೆಯದು ಹೆಡ್‌ಫೋನ್ ಜೊತೆಗೇ ಬಂದಿದ್ದ ಕಪ್ಪು ರಬ್ಬರ್ ಕೇಬಲ್, 3.5 ಮಿಲಿಮೀಟರ್ ಪ್ಲಗ್ ಇರುವಂಥದ್ದು. ಮೊದಲು ಹಳೆಯದರಲ್ಲಿ ಒಂದು ಹಾಡು ಕೇಳಿಸಿದ. ಆಮೇಲೆ ಎರಡೂ ಕಡೆಯ ಪಿನ್ ಕಿತ್ತು, ಎಡ ಯಾವುದು ಬಲ ಯಾವುದು ಅಂತ ಕನ್ನಡಕ ಮೇಲೇರಿಸಿ ಹುಡುಕಿ, ಹೊಸದನ್ನು ಸಿಕ್ಕಿಸಿ, ಆಂಪ್‌ನ (ಹೆಡ್‌ಫೋನ್‌ಗೆ ಸದ್ದು ಹೆಚ್ಚಿಸಿ ಕೊಡುವ ಪೆಟ್ಟಿಗೆ) ಇನ್ನೊಂದು ತೂತಿಗೆ ಹಾಕಿ, ಅದೇ ಹಾಡು ಹಚ್ಚಿದ.

ವ್ಯತ್ಯಾಸ ಇತ್ತು. ಸುಳ್ಳು ಯಾಕೆ ಹೇಳಲಿ? ಬೇಸ್ ಗಟ್ಟಿಯಾಗಿತ್ತು. ಗಾಯಕಿ ಸಾಲಿನ ನಡುವೆ ಉಸಿರು ಎಳೆದುಕೊಂಡಿದ್ದೂ ಕೇಳಿಸಿತು. ಅವನು ನನ್ನ ಮುಖವನ್ನೇ ನೋಡ್ತಾ ನಿಂತಿದ್ದ.

ಆಗ ಮೂಲೆಯ ಮೇಜಿನಲ್ಲಿ ಓದ್ತಾ ಕೂತಿದ್ದ ಅವನ ಮಗಳು ತಲೆ ಎತ್ತಿದಳು.

"ಅಪ್ಪಾ, ವಾಲ್ಯೂಮ್ ಜಾಸ್ತಿ ಮಾಡಿದ್ಯಾ?"

"ಇಲ್ಲ ಕಣೇ, ನಾಬ್ ಮುಟ್ಟೇ ಇಲ್ಲ."

"ಮತ್ತೆ ಈಗ ಹಾಡು ಇಲ್ಲಿಗೇ ಕೇಳಿಸ್ತಿದೆ? ಆಗ ಕೇಳಿಸ್ತಿರಲಿಲ್ಲ."

"ಅದು ಬೇರೆ ವಿಷಯ."

ವಾರವಿಡೀ ನನ್ನ ತಲೆಯಲ್ಲಿ ಇದೇ ಓಡ್ತಿದೆ. ಅವನದು ಓಪನ್ ಬ್ಯಾಕ್ ಹೆಡ್‌ಫೋನ್, ಹಿಂಬದಿ ಜಾಲರಿ. ಒಳಗಿನ ಸದ್ದು ಹೊರಗೂ ಸೋರುತ್ತದೆ. ನಾವಿಬ್ಬರೂ ಗಾಯಕಿಯ ಉಸಿರು ಹುಡುಕ್ತಿದ್ದಾಗ, ಆ ಹುಡುಗಿ ಅಷ್ಟು ದೂರದಿಂದ ಸೋರಿದ ಸದ್ದು ಕೇಳಿಯೇ ಇಡೀ ಸಂಗತಿ ಹಿಡಿದುಬಿಟ್ಟಿದ್ದಳು. ಈ ಹವ್ಯಾಸದ ಗಂಧಗಾಳಿಯೂ ಅವಳಿಗಿಲ್ಲ.

ಬೇರೆ ವಿಷಯ ಹೇಗಾಗುತ್ತೆ? ವಿಷಯವೇ ಅದು. 4.4ರ ತೂತು ಬ್ಯಾಲೆನ್ಸ್ಡ್ ಔಟ್‌ಪುಟ್, ಅಂದರೆ ಎಡ ಬಲ ಎರಡಕ್ಕೂ ಬೇರೆ ಬೇರೆ ಜೋಡಿ ತಂತಿ. ಅಂಥ ಎಷ್ಟೋ ಆಂಪ್‌ಗಳಲ್ಲಿ ಅದರಿಂದ ಬರುವ ವೋಲ್ಟೇಜ್ ಮಾಮೂಲಿ ತೂತಿನ ಹತ್ತಿರ ಹತ್ತಿರ ಎರಡರಷ್ಟು. ಅಂದರೆ ಸುಮಾರು 6 ಡೆಸಿಬಲ್ ಜಾಸ್ತಿ. ನಾಬ್ ಇದ್ದಲ್ಲೇ ಇದ್ದರೂ ಸದ್ದು ಏರುತ್ತದೆ. ಸದ್ದು ಏರಿದರೆ ನಮ್ಮ ಕಿವಿಗೆ ಬೇಸ್ ಇನ್ನೂ ಹೆಚ್ಚು ತುಂಬಿಕೊಂಡಂತೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ಗ್ರಾಫ್ ಹಾಕಿಟ್ಟಿದ್ದಾರೆ. ಪರದೆ ಸರಿದಿದ್ದು ನಿಜ. ಸರಿಸಿದ್ದು ಮಾತ್ರ ಬೆಳ್ಳಿ ಅಲ್ಲ.

ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ, ಒಪ್ಪಿದೆ. ಎಷ್ಟು? ಶೇ 6ರಷ್ಟು. ತಾಮ್ರದ ತಂತಿಯನ್ನೇ ಒಂಚೂರು ದಪ್ಪ ಮಾಡಿದರೆ ಅಲ್ಲಿಗೆ ಸಮ. ಅವತ್ತೇ ಅವನಿಗೆ ಇದನ್ನು ಹೇಳಿದೆ. ಅವನು ಅಳುಕಲಿಲ್ಲ. ಡಬ್ಬಿಯಲ್ಲಿ 4.4ರಿಂದ 3.5ಕ್ಕೆ ಇಳಿಸುವ ಒಂದು ಅಡಾಪ್ಟರ್ ಬಿದ್ದಿತ್ತು. ಅದನ್ನು ಹಾಕಿ ಹೊಸ ಕೇಬಲನ್ನೂ ಹಳೆಯ ತೂತಿಗೇ ಸಿಕ್ಕಿಸೋಣ, ನೀನು ಕಣ್ಣು ಮುಚ್ಚಿಕೋ, ಬದಲಾಯಿಸೋ ಕೆಲಸ ಮಗಳದ್ದು ಅಂದೆ. ಅವಳಿಗೆ ಪುಸ್ತಕ ಮುಚ್ಚೋಕೆ ನೆವ ಬೇಕಿತ್ತು. ಓಡಿ ಬಂದಳು. ಹೊಸ ಕೇಬಲ್ ಭಾರ, ತೂಗಾಡಿದರೇ ಗೊತ್ತಾಗಿಬಿಡುತ್ತೆ ಅಂತ ಅದನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಅದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ಒಮ್ಮೆ ಸರಿ ಹೇಳಿದ, ಒಮ್ಮೆ ತಪ್ಪು. ಹಳೆಯದಕ್ಕೇ "ಆಹಾ, ಇದು ಬೆಳ್ಳಿ" ಅಂದಾಗ ಅವಳು ನಗು ತಡೆಯೋಕೆ ತುಟಿ ಕಚ್ಚಿಕೊಂಡಳು. ಕೊನೆಗೆ ಅವನು ಹೆಡ್‌ಫೋನ್ ತೆಗೆದಿಟ್ಟು, ಇವತ್ತು ಶೀತ ಆಗಿದೆ, ಕಿವಿ ಕಟ್ಟಿದೆ ಅಂದ. ಪರದೆ ಸರಿದಾಗ ಶೀತ ಇರಲಿಲ್ಲ.

ಹಾಗಂತ ಅವನನ್ನು ದಡ್ಡ ಅನ್ನೋಕೆ ನಾನು ತಯಾರಿಲ್ಲ. ಬೆಸುಗೆ ಹಾಕೋದರಲ್ಲಿ ಎತ್ತಿದ ಕೈ. ನನ್ನ ಇಯರ್‌ಫೋನ್ ಒಂದು ವಿಚಿತ್ರವಾಗಿ ಕೆಟ್ಟಿತ್ತು. ವಾದ್ಯಗಳೆಲ್ಲ ಇವೆ, ಹಾಡುವವರೇ ಮಾಯ. ಎಲ್ಲೋ ಬಾವಿಯೊಳಗಿಂದ ಒಂದಿಷ್ಟು ಪ್ರತಿಧ್ವನಿ, ಅಷ್ಟೇ. ಇವನು ಕೇಳಿದವನೇ "ಗ್ರೌಂಡ್ ಹೋಗಿದೆ" ಅಂದ. ಎರಡೂ ಕಿವಿ ಹಂಚಿಕೊಳ್ಳುವ ಆ ಗ್ರೌಂಡ್ ತಂತಿ ಕಡಿದರೆ ಎಡಬಲಗಳ ವ್ಯತ್ಯಾಸ ಮಾತ್ರ ಕೇಳಿಸುತ್ತೆ. ಗಾಯಕರ ದನಿ ಸಾಮಾನ್ಯವಾಗಿ ಎರಡರಲ್ಲೂ ಒಂದೇ ಥರ ಇರೋದರಿಂದ ಅದೇ ಅಳಿಸಿಹೋಗುತ್ತೆ. ಪ್ಲಗ್ಗಿನ ಕುತ್ತಿಗೆಯ ಹತ್ತಿರ ಕತ್ತರಿಸಿ, ಹೊಸ ಪ್ಲಗ್ ಕೂರಿಸಿ ಕೊಟ್ಟ. ಗಾಯಕರು ವಾಪಸ್ ಬಂದರು. ಕೇಬಲ್‌ನಿಂದ ಸದ್ದು ಬದಲಾಗೋದು ಅಂದರೆ ಅದು! ಎರಡು ಪಿನ್ನಿನ ಇಯರ್‌ಫೋನ್‌ನಲ್ಲಿ ಒಂದು ಕಡೆ ತಿರುಗುಮುರುಗಾಗಿ ಸಿಕ್ಕಿಸಿ ನೋಡಿ, ಬೇಸ್ ಎಲ್ಲಿ ಹೋಯ್ತು ಅಂತ ಹುಡುಕಬೇಕು. ಒಳಗೆ ಹಲವು ಡ್ರೈವರ್ (ಪುಟ್ಟ ಸ್ಪೀಕರ್) ಇರುವ ಕೆಲವು ಇಯರ್‌ಫೋನ್‌ಗಳಿಗೆ ಕೇಬಲ್ಲಿನ ಅರ್ಧ ಓಮ್ ತಡೆ ಕೂಡ ಲೆಕ್ಕಕ್ಕೆ ಬರುತ್ತೆ, ಯಾಕಂದ್ರೆ ಕೆಲವು ಸ್ವರಗಳಲ್ಲಿ ಅವುಗಳ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ತೀರಾ ಕಮ್ಮಿ. ಅಂಗಿಗೆ ಉಜ್ಜಿದಾಗ ಬರುವ ಗರಗರ ಸದ್ದು ಮೆತ್ತನೆಯ ಕೇಬಲ್‌ನಲ್ಲಿ ಕಮ್ಮಿ ಆಗುತ್ತೆ. ಇವೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಅದೇ ನನ್ನನ್ನು ಕಾಡೋದು. ಗೊತ್ತಿಲ್ಲದವರು ಮರುಳಾದರೆ ಅದು ಮಾರುವವರ ಜಾಣತನ. "ಬೆಳ್ಳಿಯ ಹೊಳಪು, ತಾಮ್ರದ ಬಿಸುಪು" ಅಂತ ಬರೆಯುವ ವಿಮರ್ಶಕರಂತೂ ಎರಡೂ ಕೇಬಲನ್ನು ಒಂದೇ ಸದ್ದಿಗೆ ಹೊಂದಿಸಿ ಕೇಳಿದೆವಾ ಅನ್ನೋದನ್ನು ಮಾತ್ರ ಬರೆಯೋದೇ ಇಲ್ಲ. ಆದರೆ ಗೊತ್ತಿರುವವನು? ತನ್ನ ಮಗಳು ಸರಿಯಾದ ಪ್ರಶ್ನೆ ಕೇಳಿದ ಕ್ಷಣ ಅವನಿಗೆ ಉತ್ತರ ಹೊಳೆದಿತ್ತು, ಮುಖದಲ್ಲೇ ಕಾಣಿಸಿತು. ಆದರೂ ಬಾಯಿಗೆ ಬಂದಿದ್ದು "ಅದು ಬೇರೆ ವಿಷಯ". ಮನೆಗಳಲ್ಲಿ, ಆಫೀಸಿನ ಮೀಟಿಂಗ್‌ಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೀನೋ. ಚಿಕ್ಕವರು, ಹೊಸಬರು, ಏನೂ ಗೊತ್ತಿಲ್ಲ ಅಂತ ನಾವು ಅಂದುಕೊಂಡವರು ನೇರ ನರಕ್ಕೇ ಕೈ ಹಾಕಿದಾಗ ಹೊರಬರುವ ಮಾತು ಇದು. ಆಮೇಲೆ ಚರ್ಚೆ ಮುಂದುವರಿಯಲ್ಲ. ಕೇಳಿದವರು ತಮ್ಮ ಪಾಡಿಗೆ ಪುಸ್ತಕಕ್ಕೆ ತಲೆ ಹಾಕ್ತಾರೆ. ಈ ಹುಡುಗಿ ಕೇಬಲ್ ಹಿಡಿದು ನಿಂತಳು, ಪುಣ್ಯ.

ನಿನ್ನೆ ಅವನ ಫೋನ್. ಮಲ್ಟಿಮೀಟರ್ ಹಿಡಿದು ಎರಡನ್ನೂ ಅಳೆದಿದ್ದಾನೆ. ಹಳೆಯದು 0.6 ಓಮ್, ಹೊಸದು 0.2. ಮೀಟರಿನ ತಂತಿಗಳ ರೆಸಿಸ್ಟೆನ್ಸ್ ಕಳೆದೇ ಹೇಳ್ತಿದ್ದೀನಿ ಅಂತ ಬೇರೆ.

"ನಿನ್ನ ಹೆಡ್‌ಫೋನ್ 300 ಓಮ್‌ದು ಕಣೋ," ಅಂದೆ. "ಆ 0.4 ಓಮ್‌ನಿಂದ ಬರೋ ವ್ಯತ್ಯಾಸ ಒಂದು ಡೆಸಿಬಲ್‌ನ ನೂರನೇ ಒಂದು ಭಾಗ."

"ಇದೆ ತಾನೇ?" ಅಂದ.