ಕಸದಲ್ಲಿ ಸಿಕ್ಕ ನನ್ನ ಹೆಸರು

ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದ ಕಡೆ. ಓಣಿ ತಿರುವಿನಲ್ಲಿ ಒಂದು ಲೈಟಿನ ಕಂಬ ಇದೆ. ಅದರ ಬುಡದಲ್ಲಿ ಯಾವಾಗ ನೋಡಿದರೂ ಕಸ. 'ಇಲ್ಲಿ ಕಸ ಹಾಕಬೇಡಿ' ಎಂದು ಯಾರೋ ಗೋಡೆಗೆ ಬರೆದಿದ್ದರು. ಅದರಲ್ಲಿ ಅರ್ಧ ಅಕ್ಷರ ಕಸದ ಹಿಂದೆ ಮುಚ್ಚಿಹೋಗಿತ್ತು.

ಕಳೆದ ಬೇಸಿಗೆಯ ಒಂದು ಭಾನುವಾರ ಐದಾರು ಮಂದಿ ಸೇರಿ ಸಲಿಕೆ ಹಿಡಿದೆವು. ಬೆಳಿಗ್ಗೆ ಆರಕ್ಕೇ ಶುರು. ಒಂಬತ್ತಾದರೆ ನಮ್ಮೂರ ಬಿಸಿಲಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ.

ಎಲ್ಲಿ ಕೆದಕಿದರೂ ಪನ್ನಿ, ಅಂದರೆ ಪ್ಲಾಸ್ಟಿಕ್ ಚೀಲ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾಗಿದ್ದು 2016ರಲ್ಲಿ. ನಮ್ಮ ಕಂಬಕ್ಕೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಒಂದು ಪನ್ನಿಯಲ್ಲಿ ಹಳಸಿದ ಅನ್ನ, ಅದರಲ್ಲೇ ಒಡೆದ ಗ್ಲಾಸು. ಇನ್ನೊಂದನ್ನು ಆಕಳು ಅಗಿಯುತ್ತಿತ್ತು. ಎಳೆದರೆ ಬಿಡಲೊಲ್ಲದು. ಒಳಗಿನ ಕಲ್ಲಂಗಡಿ ಸಿಪ್ಪೆಯ ಆಸೆಗೆ ಪನ್ನಿ ಸಮೇತ ನುಂಗುತ್ತವೆ ಪಾಪ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ, ಅಲ್ಲೇ ಗಂಟು ಕಟ್ಟುತ್ತದೆ.

ಓಣಿ ಮಂದಿಯನ್ನು ಬಾಯಿಗೆ ಬಂದಂತೆ ಬೈಯುತ್ತಾ ಕಸ ಎತ್ತುತ್ತಿದ್ದೆ. ಬಾಜು ಮನೆ ಕಾಕಾ ಒಂದು ಕೊರಿಯರ್ ಕವರ್ ಎತ್ತಿ ಹಿಡಿದರು.

"ಇದರ ಮ್ಯಾಲ ನಿಮ್ಮ ಹೆಸರು ಅದ ನೋಡ್ರಿ."

ಹೌದು, ನನ್ನದೇ. ಮನೆ ನಂಬರ್, ಫೋನ್ ನಂಬರ್ ಎಲ್ಲಾ ಇತ್ತು. ಒಳಗೆ ಚಹಾಪುಡಿ ಚರಟ, ಉಳ್ಳಾಗಡ್ಡಿ ಸಿಪ್ಪೆ. ಕಾಕಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕಸದ ಗಾಡಿ ಬರುವ ಹೊತ್ತಿಗೆ ನಾನು ಡ್ಯೂಟಿಗೆ ಹೋಗಿರುತ್ತೇನೆ, ಮನೆಗೆ ಬೀಗ. ಎರಡು ದಿನ ಒಳಗಿಟ್ಟರೆ ಸೆಕೆಗೆ ನಾರುತ್ತದೆ. ಮೂರನೇ ರಾತ್ರಿ ಸ್ಕೂಟರ್ ಕಂಬದ ಹತ್ತಿರ ಸ್ವಲ್ಪ ಸ್ಲೋ ಆಗುತ್ತಿತ್ತು, ಅಷ್ಟೇ. ಆಮೇಲೆ ವಿಚಾರಿಸಿದರೆ ಅರ್ಧ ಓಣಿಯ ಕಥೆ ಇದೇ.

ಅಷ್ಟರಲ್ಲಿ ಗಾಡಿ ಬಂತು. ಕಸ ತುಂಬಿಸಿಕೊಳ್ಳುತ್ತಾ ಗಾಡಿಯ ಅಕ್ಕ, "ಹಸಿದು ಬ್ಯಾರೆ, ಒಣದು ಬ್ಯಾರೆ ಕೊಡ್ರಿ ಅಂತ ದಿನಾ ಬಡಕೋತೀವಿ. ಗ್ಲಾಸರೆ ಪೇಪರದಾಗ ಸುತ್ತಿ ಕೊಡ್ರಿ" ಎಂದರು. ಹೆಬ್ಬೆರಳ ಬುಡ ತೋರಿಸಿದರು. ಉದ್ದನೆ ಗಾಯ, ಇನ್ನೂ ಪೂರ್ತಿ ಮಾದಿರಲಿಲ್ಲ. ಮನೆಯಲ್ಲೇ ಕಸ ಬೇರೆ ಮಾಡಬೇಕು ಎಂಬ ನಿಯಮ ದೇಶಕ್ಕೆಲ್ಲ ಕಡ್ಡಾಯವಾಗಿದ್ದೂ 2016ರಲ್ಲೇ. ನನಗದು ಬಾಯಿಪಾಠ ಇತ್ತು. ಅವರ ಎದುರು ಹೇಳಲಿಲ್ಲ.

ಒಣ ಕಸ ನಾರುವುದಿಲ್ಲ, ಚೀಲದಲ್ಲಿ ಎಷ್ಟು ದಿನ ಬೇಕಾದರೂ ಇರುತ್ತದೆ. ತುಂಬಿದ ಮೇಲೆ ಕಾಕಾ ಕಟ್ಟೆಯ ಮೇಲೆ ಇಟ್ಟು ಹೋಗುತ್ತೇನೆ, ಅವರು ಗಾಡಿಗೆ ಕೊಡುತ್ತಾರೆ. ತಾಪತ್ರಯ ಏನಿದ್ದರೂ ಹಸಿ ಕಸದ್ದೇ. ಹಳೆ ಮಣ್ಣಿನ ಮಡಕೆಗೆ ತೂತು ಹಾಕಿ, ಒಂದು ಪದರ ಸಿಪ್ಪೆ, ಒಂದು ಪದರ ಬೇವಿನ ಒಣ ಎಲೆ ಹಾಕತೊಡಗಿದೆ. ಆ ಎಲೆಯನ್ನು ಓಣಿಯಲ್ಲಿ ಗುಡಿಸಿ ಸುಮ್ನೆ ಸುಡುತ್ತಿದ್ದರು. ಮೊದಲ ಸಲ ಉಳಿದ ಸಾರನ್ನೂ ಸುರಿದು ಕೆಡಿಸಿದೆ. ಮಡಕೆ ತುಂಬಾ ಹುಳ. ಎಲೆ ಜಾಸ್ತಿ ಹಾಕಿದ ಮೇಲೆ ವಾಸನೆ ನಿಂತಿತು. ಆದರೆ ಈ ಬಿಸಿಲಿಗೆ ಬೇಗ ಒಣಗುತ್ತದೆ, ಆಗಾಗ ನೀರು ಚಿಮುಕಿಸಬೇಕು. ಮೊದಲ ಗೊಬ್ಬರ ಕಾಕಾ ಮನೆಯ ಕರಿಬೇವಿಗೆ ಹೋಯಿತು.

ಮೊನ್ನೆ ಕಂಬದ ಬುಡದಲ್ಲಿ ಮತ್ತೆ ಒಂದು ಪನ್ನಿ ಕೂತಿತ್ತು. ನನ್ನದಲ್ಲ ಎಂದು ಗೊತ್ತಿತ್ತು. ಆದರೂ ಸ್ಕೂಟರ್ ನಿಲ್ಲಿಸಿ, ಗಂಟು ಬಿಚ್ಚಿ ಒಮ್ಮೆ ನೋಡಿದೆ.