ಕೊನೇ ಸಲ ಕುಡಿದದ್ದು ಯಾವಾಗ?

16 ಜುಲೈ 2024, ಮಂಗಳವಾರ
ತೀರ್ಥಹಳ್ಳಿ

ಬೆಳಿಗ್ಗೆಯಿಂದ ಜಡಿಮಳೆ. ಚಿಕ್ಕಪ್ಪನ ಕಾಲಿನ ಬ್ಯಾಂಡೇಜಿಗೆ ಪ್ಲಾಸ್ಟಿಕ್ ಸುತ್ತಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ.

12 ದಿನದ ಹಿಂದೆ ಅಡಿಕೆಗೆ ಔಷಧಿ ಹೊಡೆಯಲು ಹೊರಟವರು ತೋಟದಲ್ಲಿ ಜಾರಿ ಬಿದ್ದು ಕಾಲು ಸೀಳಿಕೊಂಡಿದ್ದರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಮಲಗಿಸಿಕೊಂಡರು. ಶುಗರ್ ಇದೆಯಾ ಕೇಳಿದರು, ಬಿಪಿ ಕೇಳಿದರು. ಕುಡಿತದ ವಿಷಯ ಯಾರೂ ಕೇಳಲಿಲ್ಲ. ಮರ್ಯಾದೆಗೆ ಅಂಜಿ ನಾವೂ ಬಾಯಿ ಬಿಡಲಿಲ್ಲ. ಆ ತಪ್ಪು ನಮ್ಮದೇ.

ಮೂರನೇ ರಾತ್ರಿ ಮೈಯೆಲ್ಲ ನಡುಕ, ಬೆವರು. ಗೋಡೆ ತುಂಬ ಇರುವೆ ಹರಿಯುತ್ತಿದೆ ಅಂತ ಅಂಗೈಯಲ್ಲಿ ಒರೆಸತೊಡಗಿದರು. ಚಿಕ್ಕಮ್ಮ ಅಲ್ಲೇ ಚೌಡಿಗೆ ಹರಕೆ ಹೊತ್ತರು. ದಿನಾ ಕುಡಿಯುವವರಿಗೆ ಥಟ್ಟನೆ ನಿಂತರೆ ಎರಡು–ನಾಲ್ಕು ದಿನದಲ್ಲಿ ಹೀಗಾಗಬಹುದು, ಅದಕ್ಕೂ ಮುಂಚೆ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು ಎಂದು ತಿಳಿದದ್ದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸಾಗಿಸಿದ ಮೇಲೆ. ಅಲ್ಲಿಯ ಡಾಕ್ಟರ ಮೊದಲ ಪ್ರಶ್ನೆಯೇ, "ಕೊನೇ ಸಲ ಕುಡಿದದ್ದು ಯಾವಾಗ?" ಗ್ಲೂಕೋಸ್ ಏರಿಸುವ ಮುಂಚೆ ಬಿ1 ಇಂಜೆಕ್ಷನ್ ಕೊಟ್ಟರು. ಕುಡಿತದಿಂದ ಆ ವಿಟಮಿನ್ ಬತ್ತಿದವರಿಗೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೇ ಪೆಟ್ಟು ಬೀಳಬಹುದಂತೆ.

ಇವತ್ತು ಎಲ್ಲ ಚೀಟಿಗಳನ್ನೂ ಮನೋವೈದ್ಯರ ಒಂದೇ ಮೇಜಿನ ಮೇಲೆ ಹರಡಿದೆ. ಚಿಕ್ಕಮ್ಮ ಸೆರಗಿನ ಗಂಟಿನಿಂದ ಒಂದು ಮಾತ್ರೆ ಪಟ್ಟಿ ತೆಗೆದರು. ಡೈಸಲ್ಫಿರಾಮ್, ಕುಡಿತ ಬಿಡಿಸಲು ಕೊಡುವ ಮಾತ್ರೆ. ಗೊತ್ತಾಗದ ಹಾಗೆ ಸಾರಿಗೆ ಹಾಕಿ ಅಂತ ಯಾರೋ ಕೊಟ್ಟಿದ್ದರಂತೆ. ಡಾಕ್ಟರು ಗಾಯದ ಚೀಟಿಯಲ್ಲಿ ಮೆಟ್ರೊನಿಡಜೋಲ್ ಎಂಬ ಸೋಂಕಿನ ಔಷಧಿ ಇದ್ದದ್ದರ ಮೇಲೆ ಬೆರಳಿಟ್ಟರು.

"ಅಮ್ಮಾ, ಇವೆರಡೂ ಸೇರಿದರೆ ಮತ್ತೆ ತಲೆ ಕೆಡಬಹುದು. ಇದನ್ನು ಕದ್ದು ಕೊಡಲೇಬಾರದು. ಅವರು ತಿಳಿಯದೆ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರುತ್ತದೆ. ಮೊದಲು ಲಿವರ್ ಪರೀಕ್ಷೆ ಆಗಲಿ."

ಚಿಕ್ಕಮ್ಮನ ಕೈ ನಡುಗುತ್ತಿತ್ತು. ನನಗೆ ಅವರನ್ನು ಬೈಯಲು ಮನಸ್ಸೇ ಬರಲಿಲ್ಲ. ಹದಿನೆಂಟು ವರ್ಷ ಒಬ್ಬರೇ ಸಹಿಸಿದವರು.

ಡಾಕ್ಟರು ಪಕ್ಕದ ಕೋಣೆಯ ಫಿಜಿಶಿಯನ್ನರನ್ನೂ ಕರೆದರು. ಶುಗರ್ ಮಾತ್ರೆ ನುಂಗಿ, ಊಟ ಬಿಟ್ಟು ಕುಡಿದರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು ಎಂದು ಇಬ್ಬರೂ ಎದುರಿಗೇ ಮಾತಾಡಿಕೊಂಡರು. ಇಷ್ಟು ವರ್ಷ ಒಬ್ಬ ಡಾಕ್ಟರಿಗೆ ಇನ್ನೊಬ್ಬರ ಚೀಟಿ ಗೊತ್ತೇ ಇರಲಿಲ್ಲ.

ಬರುವಾಗ ಇನ್ನೂರು ಪುಟದ ನೋಟ್‌ಬುಕ್ ತಗೊಂಡೆ. ಕಾಲಿಗೆ, ಶುಗರಿಗೆ, ಕುಡಿತಕ್ಕೆ, ಎಲ್ಲದಕ್ಕೂ ಇದೊಂದೇ. ರಾತ್ರಿ ಕುಡಿಯಲು ಹೊರಟರೆ ಬೇಕಾದೀತೆಂದು ಹಿಂದಿನ ಪುಟದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಬರೆದಿಟ್ಟೆ. ಬಸ್ಸಿನಲ್ಲಿ ಚಿಕ್ಕಪ್ಪ ಕಿಟಕಿ ಕಡೆ ಮುಖ ಮಾಡಿ ಕೂತಿದ್ದವರು ಮೆಲ್ಲಗೆ ಹೇಳಿದರು:

"ಮೊದಲನೇ ಪುಟದಾಗೆ ಬರಿ ಮಗಾ. ಜುಲೈ 3, ರಾತ್ರಿ."