ಕಂಪ್ಲಿ ಸೇತುವೆ ಕ್ಯಾಮೆರಾ: ಜೂಮ್ ಕ್ಯಾಲಿಬ್ರೇಶನ್ ಎಲ್ಲಿಗೆ ಬಂತು

ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಕಂಬದ ಮೇಲೆ ನೀರು ಎಲ್ಲಿಯವರೆಗೆ ಏರಿದೆ ಎಂದು ದೂರದಿಂದಲೇ ಅಳೆಯುವುದು ಈ ಕ್ಯಾಮೆರಾದ ಕೆಲಸ. ಇಡೀ ಹೊಳೆಯೂ ಕಾಣಬೇಕು, ಒಂದೇ ಕಂಬವೂ ಕಾಣಬೇಕು. ಅದಕ್ಕೇ ಜೂಮ್ ಲೆನ್ಸ್.

ಜೂಮ್ ತಿರುಗಿಸಿದರೆ ಫೋಕಲ್ ಲೆಂತ್ (ದೂರದ ವಸ್ತು ಚಿತ್ರದಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆ ಎಂದು ನಿರ್ಧರಿಸುವ ಅಳತೆ) ಒಂದೇ ಬದಲಾಗುವುದಿಲ್ಲ. ಪ್ರಿನ್ಸಿಪಲ್ ಪಾಯಿಂಟ್, ಅಂದರೆ ಲೆನ್ಸಿನ ನಡುಗೆರೆ ಚಿತ್ರವನ್ನು ತಾಗುವ ಬಿಂದು, ಕೂಡ ಸರಿಯುತ್ತದೆ. ವೈಡ್‌ನಲ್ಲಿ (ಜೂಮ್ ಕಡಿಮೆ ಇರುವ ಕಡೆ) ಹೊರಕ್ಕೆ ಉಬ್ಬುವ ಗೆರೆಗಳು ಟೆಲಿಗೆ (ಜೂಮ್ ಜಾಸ್ತಿ ಇರುವ ಕಡೆ) ಹೋದಂತೆ ಒಳಕ್ಕೆ ಬಾಗುತ್ತವೆ. ಹಾಗಾಗಿ ಜೂಮ್ ರಿಂಗಿನ ಮೇಲೆ ಗುರುತು ಹಾಕಿ, ಪ್ರತಿ ಗುರುತಿಗೂ ಬೇರೆ ಕ್ಯಾಲಿಬ್ರೇಶನ್ ಮಾಡುತ್ತಿದ್ದೇನೆ, ಅಂದರೆ ಈ ಅಳತೆಗಳನ್ನು ಕಂಡುಹಿಡಿಯುತ್ತಿದ್ದೇನೆ. ಗುರುತಿಗೆ ಯಾವಾಗಲೂ ವೈಡ್ ಕಡೆಯಿಂದಲೇ ಬರುತ್ತೇನೆ, ಇಲ್ಲದಿದ್ದರೆ ಗೇರಿನ ಸಡಿಲದಿಂದ ಲೆಕ್ಕ ಬದಲಾಗುತ್ತದೆ. ಅಳತೆಗೆ ಫೋಟೊ ತೆಗೆಯುವ ಚೆಕರ್‌ಬೋರ್ಡ್ (ಚದುರಂಗದ ಹಾಸಿನಂಥ ಕಪ್ಪು-ಬಿಳಿ ಚೌಕಗಳು) ಪ್ರಿಂಟನ್ನು ಗಾಜಿಗೆ ಅಂಟಿಸಿದ್ದೇನೆ. ನಮ್ಮ ಬಿಸಿಲಿಗೆ ರಟ್ಟು ಸೊಟ್ಟಗಾಗುತ್ತದೆ.

ವೈಡ್ ಕಡೆಯ ಲೆಕ್ಕವನ್ನು ಓಪನ್‌ಸಿವಿ ಎಂಬ ಸಾಫ್ಟ್‌ವೇರ್ ಸಲೀಸಾಗಿ ಮುಗಿಸಿತು. ಕಷ್ಟವೆಲ್ಲ ಟೆಲಿಯಲ್ಲಿ. ಬೋರ್ಡ್ ನೇರ ಎದುರಿಗಿದ್ದರೆ ಅದು ಹತ್ತಿರ ಇದೆಯೋ, ಜೂಮ್ ಜಾಸ್ತಿ ಇದೆಯೋ ಎಂದು ಲೆಕ್ಕಕ್ಕೆ ಗೊತ್ತಾಗುವುದೇ ಇಲ್ಲ. ರೀಪ್ರೊಜೆಕ್ಷನ್ ಎರರ್ (ಲೆಕ್ಕ ಹೇಳುವ ಜಾಗಕ್ಕೂ ಚಿತ್ರದಲ್ಲಿ ಕಂಡ ಜಾಗಕ್ಕೂ ಇರುವ ವ್ಯತ್ಯಾಸ) ಚಿಕ್ಕದಾಗಿಯೇ ಇರುತ್ತದೆ, ಫೋಕಲ್ ಲೆಂತ್ ಮಾತ್ರ ಪ್ರತಿ ಸಲ ಬೇರೆ! ಬೋರ್ಡನ್ನು ಚೆನ್ನಾಗಿ ವಾಲಿಸಿದರೆ ಸುಧಾರಿಸುತ್ತದೆ. ಆದರೂ ಹತ್ತಿರದ ಬೋರ್ಡಿಗೆ ಫೋಕಸ್ ಮಾಡಿದಾಗ ಸಿಗುವ ಅಳತೆ ದೂರದ ಕಂಬಕ್ಕೆ ಹೊಂದುವುದಿಲ್ಲ. ಫೋಕಸ್ ಬದಲಾದರೆ ಫೋಕಲ್ ಲೆಂತೂ ಕೊಂಚ ಬದಲಾಗುತ್ತದಲ್ವಾ.

ಇದಕ್ಕೆ ನಕ್ಷತ್ರಗಳೇ ಸರಿಯಾದ ದಾರಿ ಅನ್ನಿಸಿದೆ. ಅವು ಅನಂತ ದೂರದಲ್ಲಿವೆ ಎಂದೇ ಲೆಕ್ಕ, ನಡುವಿನ ಕೋನವೂ ಪಕ್ಕಾ ಗೊತ್ತು. ಚಳಿಗಾಲದ ರಾತ್ರಿ ಕೃತ್ತಿಕೆ ನಕ್ಷತ್ರಪುಂಜ ನಮ್ಮಲ್ಲಿ ನೆತ್ತಿಯ ಹತ್ತಿರ ಬರುತ್ತದೆ. ಅದರ ಎಲೆಕ್ಟ್ರಾ ಮತ್ತು ಅಟ್ಲಾಸ್ ಎಂಬ ನಕ್ಷತ್ರಗಳ ನಡುವೆ ಸುಮಾರು 0.98 ಡಿಗ್ರಿ. ಚಿತ್ರದಲ್ಲಿ ಆ ಅಂತರ 171 ಪಿಕ್ಸೆಲ್ ಬಂದರೆ ಫೋಕಲ್ ಲೆಂತ್ ಸುಮಾರು 10,000 ಪಿಕ್ಸೆಲ್. ಅಂದರೆ 300 ಮೀಟರ್ ದೂರದ ಕಂಬದ ಮೇಲೆ ಒಂದು ಪಿಕ್ಸೆಲ್‌ಗೆ 3 ಸೆಂಟಿಮೀಟರ್. ಎರಡೇ ನಕ್ಷತ್ರ ಸಾಲದು. ಚಿತ್ರದ ಮೂಲೆಗಳಲ್ಲೂ ನಕ್ಷತ್ರ ಬಂದರೆ ಗೆರೆಯ ಬಾಗೂ ಸಿಗುತ್ತದೆ. ಟೆಲಿಯಲ್ಲಿ ಪ್ರಿನ್ಸಿಪಲ್ ಪಾಯಿಂಟ್ ಇನ್ನೂ ಅತ್ತಿತ್ತ ಓಡುತ್ತದೆ. ಸದ್ಯಕ್ಕೆ ಅದನ್ನು ಚಿತ್ರದ ಮಧ್ಯಕ್ಕೆ ಕಟ್ಟಿಹಾಕಿದ್ದೇನೆ.

ಮುಂದೆ ನಡುವಿನ ಗುರುತುಗಳನ್ನೂ ನಕ್ಷತ್ರದಿಂದ ಅಳೆದು, ಎಲ್ಲವನ್ನೂ ಒಂದು ಕರ್ವಿನಲ್ಲಿ ಜೋಡಿಸಬೇಕು. ತಂಪಿನ ರಾತ್ರಿಯ ಅಳತೆ ಸುಡುವ ಮಧ್ಯಾಹ್ನಕ್ಕೂ ನಿಲ್ಲುತ್ತದೆಯೇ ಎಂದು ಬೇಸಿಗೆಯಲ್ಲಿ ಅದೇ ಕಂಬದ ಮೇಲೆ ನೋಡುತ್ತೇನೆ.